ಮಿಂಚುವ ಡ್ಯಾಶ್‌ಬೋರ್ಡ್ ಕಂಡರೆ ನನಗೆ ಅನುಮಾನ

ಕಳೆದ ಏಪ್ರಿಲ್‌ನಲ್ಲಿ ವಿಜಯಪುರದ ವಕೀಲರೊಬ್ಬರು ತಮ್ಮ ಹಳೇ ಕಾಂಟೆಸಾ ಕಾರು ಓಡಿಸಿಕೊಂಡು ಬೆಳಗಾವಿಗೆ ಬಂದರು. ಬಾಗಿಲು ತೆಗೆದರೆ ಡ್ಯಾಶ್‌ಬೋರ್ಡ್ ಫಳಫಳ ಅಂತಿತ್ತು. ಕನ್ನಡಿ ಬೇಡ, ಅದರಲ್ಲೇ ಕ್ರಾಪ್ ತೆಗೆಯಬಹುದಿತ್ತು. ಬೆರಳಿಟ್ಟು ನೋಡಿದೆ. ಅಂಟಂಟು. ಆ ಹೊಳಪಿನ ಕೆಳಗೆ, ಮುಂದಿನ ಗಾಜಿನ ಕಡೆಗೆ ಹೋಗುವ ಮೂರು ಸೀಳು. ಎರೆಮಣ್ಣಿನ ಧೂಳು ಅವುಗಳೊಳಗೆ ಕೂತು ಗಟ್ಟಿಯಾಗಿತ್ತು.

"ವಾರಕ್ಕೊಮ್ಮೆ ಪಾಲಿಶ್ ಹಚ್ಚತೀನ್ರಿ ಮಿಸ್ತ್ರಿ. ಆದ್ರೂ ಯಾಕ ಸೀಳತೈತಿ?" ಅಂದರು.

ಹಳೇ ಗಾಡಿಗಳ ಒಳಮೈ ರಿಪೇರಿ ಮಾಡುವ ನನಗೆ ಈ ಪ್ರಶ್ನೆ ಹೊಸದಲ್ಲ. ಕಾಂಟೆಸಾ ಬಂದದ್ದು 1984ರಿಂದ 2002ರವರೆಗೆ. ಅಂದರೆ ಎಲ್ಲಕ್ಕಿಂತ ಕಿರಿಯ ಗಾಡಿಗೂ ಈಗ ಇಪ್ಪತ್ತು ದಾಟಿದೆ. ಇಂಥ ಮೆತ್ತನೆಯ ಡ್ಯಾಶ್‌ನ ಮೇಲ್ಚರ್ಮ ಪಿವಿಸಿ, ಅದರ ಕೆಳಗೆ ಫೋಮ್. ಪಿವಿಸಿ ಹುಟ್ಟಾ ಗಟ್ಟಿ ವಸ್ತು, ನಮ್ಮ ನೀರಿನ ಪೈಪಿನ ಹಾಗೆ. ಅದನ್ನು ಮೆತ್ತಗೆ ಮಾಡಲು ಪ್ಲಾಸ್ಟಿಸೈಜರ್ ಅನ್ನುವ ಎಣ್ಣೆಯಂಥದ್ದನ್ನು ಬೆರೆಸುತ್ತಾರೆ. ಬಿಸಿಲಿಗೆ ನಿಂತ ಗಾಡಿಯಲ್ಲಿ ಡ್ಯಾಶ್‌ನ ಮೇಲ್ಮೈ 70 ಡಿಗ್ರಿ ದಾಟುತ್ತದೆ. ಆಗ ಆ ಎಣ್ಣೆ ನಿಧಾನಕ್ಕೆ ಹೊರಗೆ ಬರುತ್ತದೆ. ಮುಂದಿನ ಗಾಜಿನ ಒಳಮೈಯಲ್ಲಿ ಮಂಜಿನಂತೆ ಜಿಡ್ಡು ಕೂರುತ್ತದಲ್ಲ, ಅದರಲ್ಲಿ ಇದೂ ಸೇರಿದೆ.

ಬಿಸಿ ರೊಟ್ಟಿ ಮಡಚಿದರೆ ಮಡಚುತ್ತದೆ. ಅದೇ ರೊಟ್ಟಿ ತೇವ ಹೋಗಿ ಕಡಕ್ ಆದ ಮೇಲೆ ಮಡಚಲು ನೋಡಿ, ಲಟಕ್ ಅಂತದೆ. ಡ್ಯಾಶ್‌ನ ಕತೆಯೂ ಅಷ್ಟೇ. ಕಡಕ್ ರೊಟ್ಟಿ ಮೇಲೆ ಎಣ್ಣೆ ಸವರಿದರೆ ಹೊಳೆಯುತ್ತದೆ, ಮಡಚಲಿಕ್ಕೆ ಬರುವುದಿಲ್ಲ. ವಕೀಲರು ವಾರಕ್ಕೊಮ್ಮೆ ಮಾಡುತ್ತಿದ್ದದ್ದು ಇದನ್ನೇ.

ಪಾಲಿಶ್ ಮೇಲೆ ನನಗೆ ಸಿಟ್ಟು ಬರಲು ಇನ್ನೊಂದು ಕಾರಣ ಇದೆ. ಈ ಹೊಳಪಿನ ಡಬ್ಬಿಗಳಲ್ಲಿ ಬಹಳಷ್ಟು ಸಿಲಿಕೋನ್ ಎಣ್ಣೆಯವು. ಸಿಲಿಕೋನ್ ಕೂತ ಜಾಗದಲ್ಲಿ ಬಣ್ಣ ನಿಲ್ಲುವುದಿಲ್ಲ. ಸ್ಪ್ರೇ ಹೊಡೆದ ಕೂಡಲೇ ಸಣ್ಣ ಸಣ್ಣ ಗುಳಿ ಬಿದ್ದು ಬಣ್ಣ ಹಿಂದೆ ಸರಿಯುತ್ತದೆ. ಹಾಗಾಗಿ ಕಾಂಟೆಸಾದಲ್ಲಿ ಮೊದಲ ಎರಡು ದಿನ ತೊಳೆಯೋದೇ ಕೆಲಸ. ಸೋಪಿನ ನೀರು, ಮೆತ್ತನೆ ಬ್ರಷ್. ಆಮೇಲೆ ಜಿಡ್ಡು ತೆಗೆಯುವ ದ್ರಾವಣ, ಪ್ರತಿ ಸಲ ಹೊಸ ಬಟ್ಟೆ. ಅದೇ ಬಟ್ಟೆ ತಿರುಗಿಸಿ ಒರೆಸಿದರೆ ಸಿಲಿಕೋನ್ ಊರೆಲ್ಲ ಹಂಚಿದಂತೆ.

ಅದಕ್ಕೂ ಮೊದಲು ಬ್ಯಾಟರಿ ತಂತಿ ಬಿಚ್ಚಿ, ಸ್ಪೀಡೋಮೀಟರ್ ಕೇಬಲ್ ತಪ್ಪಿಸಿ, ಡ್ಯಾಶ್ ಕೆಳಗಿಳಿಸಬೇಕು. ಸ್ಕ್ರೂಗಳಿಗೆ ನನ್ನ ಹತ್ತಿರ ಮೊಟ್ಟೆ ಟ್ರೇ ಇದೆ. ಬಿಚ್ಚಿದ ಸಾಲಿನಲ್ಲೇ ಒಂದೊಂದು ಗುಳಿಗೆ ಹಾಕುತ್ತೇನೆ. ಉದ್ದದ ಸ್ಕ್ರೂ ಗಿಡ್ಡದ ಜಾಗಕ್ಕೆ ಹೋದರೆ ಒಳಗಿನಿಂದ ತಿವಿದು ಹೊಸ ಉಬ್ಬು ಎಬ್ಬಿಸುತ್ತದೆ.

ಇನ್ನು ಸೀಳು. ನಾನು ಕೆಲಸ ಕಲಿಯುವಾಗ ಒಂದು ಡ್ಯಾಶ್‌ಗೆ ಬಾಡಿ ಪುಟ್ಟಿ ತುಂಬಿ, ಉಜ್ಜಿ, ಕಪ್ಪು ಬಣ್ಣ ಹೊಡೆದು ಕೊಟ್ಟಿದ್ದೆ. ಅವತ್ತು ನೋಡಲಿಕ್ಕೆ ಭಾರೀ ಚಂದ ಇತ್ತು. ಮುಂದಿನ ಮೇ ತಿಂಗಳಲ್ಲಿ ಗಾಡಿ ವಾಪಸ್ ಬಂತು. ಪುಟ್ಟಿ ಅಲ್ಲೇ ಇತ್ತು, ಅದರ ಎರಡೂ ಬದಿಗೆ ಹೊಸ ಸೀಳು. ಪುಟ್ಟಿ ತಗಡಿಗೆ. ಡ್ಯಾಶ್ ಬಿಸಿಲಿಗೆ ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ. ತುಂಬುವ ವಸ್ತುವೂ ಅದರ ಜೊತೆ ಬಾಗಬೇಕು. ಈಗ ನಾನು ಬಳಸುವುದು ಬಾಗುವ ಯುರೆಥೇನ್ ಫಿಲ್ಲರ್ ಒಂದನ್ನೇ.

ಸೀಳಿನ ಅಂಚು ಯಾವಾಗಲೂ ಒಣಗಿದ ಎಲೆಯ ಹಾಗೆ ಮೇಲಕ್ಕೆ ಸುರುಳಿ ಆಗಿರುತ್ತದೆ. ಅದನ್ನು ಒತ್ತಿ ಕೂರಿಸಲು ಹೋಗಬೇಡಿ, ಕೂರುವುದಿಲ್ಲ. ಎರಡೂ ಕಡೆ 3–4 ಮಿಲಿಮೀಟರ್ ಓರೆಯಾಗಿ ಕೊಯ್ದು ತೆಗೆಯಬೇಕು. ಸೀಳು ಮುಗಿಯುವ ತುದಿಯಲ್ಲಿ ಚರ್ಮಕ್ಕೆ ಒಂದು ಸಣ್ಣ ದುಂಡು ತೂತು. ಚೂಪು ತುದಿ ಮುಂದೆ ಓಡುತ್ತದೆ, ದುಂಡು ತುದಿ ಅಲ್ಲೇ ನಿಲ್ಲುತ್ತದೆ. ಪುಡಿಯಾದ ಫೋಮ್ ಕೆರೆದು ತೆಗೆದು, ಅಂಚಿನ ಕೆಳಗೆ ಜಾಳಿಗೆ ಬಟ್ಟೆ ಸೇರಿಸಿ, ಫಿಲ್ಲರನ್ನು ಎರಡು ಮೂರು ಸಲ ತೆಳ್ಳಗೆ ತುಂಬುತ್ತೇನೆ. ಒಂದೇ ಸಲ ದಪ್ಪ ತುಂಬಿದರೆ ನಡುವೆ ಕುಸಿಯುತ್ತದೆ. ಒಣಗಿದ ಮೇಲೆ 180ರ ಉಜ್ಜುವ ಪೇಪರ್, ಆಮೇಲೆ ಇನ್ನೂ ನುಣುಪಾದ 320.

ಇಲ್ಲಿಗೆ ಅರ್ಧ ಕೆಲಸ. ಯಾಕೆಂದರೆ ಈಗ ಜಾಗ ನುಣ್ಣಗಾಗಿದೆ, ಸುತ್ತಲೂ ಚರ್ಮದ ಗೆರೆ ಇದೆ. ಅದೇ ಡ್ಯಾಶ್‌ನ ಚೆನ್ನಾಗಿರುವ ಮೂಲೆಯಲ್ಲಿ ಸಿಲಿಕೋನ್ ರಬ್ಬರ್ ಎರೆದು ಅಚ್ಚು ತೆಗೆಯುತ್ತೇನೆ. ಸಿಲಿಕೋನನ್ನು ಬೈದವನೇ ಅದನ್ನು ಬಳಸುತ್ತಾನೆ ಅಂತ ನಗಬೇಡಿ, ಇದು ಗಟ್ಟಿಯಾಗುವ ಬೇರೆ ಜಾತಿ. ಆದರೂ ಎರೆದ ಮೂಲೆಯನ್ನು ಆಮೇಲೆ ತೊಳೆಯಲೇಬೇಕು. ಫಿಲ್ಲರಿನ ಕೊನೆಯ ಪದರ ಹಸಿ ಇರುವಾಗ ಅಚ್ಚು ಒತ್ತಿದರೆ ಗೆರೆ ಮೂಡುತ್ತದೆ. ಒಂದೇ ಸಲಕ್ಕೆ ಬಂದದ್ದು ಕಡಿಮೆ. ಕಾಂಟೆಸಾದಲ್ಲಿ ನಾಲ್ಕನೇ ಸಲಕ್ಕೆ ಬಂತು.

ಬಣ್ಣದಲ್ಲಿ ಜನ ಎಡವುವುದು ಛಾಯೆಯಲ್ಲಿ ಅಲ್ಲ, ಹೊಳಪಿನಲ್ಲಿ. ಕಪ್ಪು ಕಪ್ಪೇ ಆದರೂ ಒಂದು ಜಾಗ ಸ್ವಲ್ಪ ಮಿಂಚಿದರೆ ರಿಪೇರಿ ಎದ್ದು ಕಾಣುತ್ತದೆ. ವಿನೈಲ್ ಬಣ್ಣಕ್ಕೆ ಮಬ್ಬು ಮಾಡುವ ಪುಡಿ ಸೇರಿಸಿ, ತುಂಡಿನ ಮೇಲೆ ಹೊಡೆದು, ಹೊರಗೆ ಹಗಲು ಬೆಳಕಿನಲ್ಲಿ ಹಿಡಿದು ನೋಡಬೇಕು. ಟ್ಯೂಬ್‌ಲೈಟ್ ಮೋಸ ಮಾಡುತ್ತದೆ. ಇನ್ನೊಂದು ತಕರಾರು: ಗ್ಲೋವ್ ಬಾಕ್ಸ್ ಮುಚ್ಚಳದ ಹಿಂದೆ ಮೂಲ ಬಣ್ಣ ಇರುತ್ತದೆ, ಮೇಲೆ ಬಿಸಿಲಿಗೆ ಮಾಸಿದ ಬಣ್ಣ. ಯಾವುದಕ್ಕೆ ಹೊಂದಿಸೋದು? ಸಣ್ಣ ಜಾಗ ಮಾತ್ರ ಆದರೆ ಮಾಸಿದ್ದಕ್ಕೆ. ಇಡೀ ಡ್ಯಾಶ್ ಬಳಿಯುವುದಾದರೆ ಮೂಲಕ್ಕೆ. ವಕೀಲರದು ಇಡೀ ಡ್ಯಾಶ್.

ನಡುವಿನ ಕನ್ಸೋಲ್, ಸುತ್ತಲಿನ ಪಟ್ಟಿಗಳು ಗಟ್ಟಿ ಪ್ಲಾಸ್ಟಿಕ್. ಯಾವ ಪ್ಲಾಸ್ಟಿಕ್ ಅಂತ ಗೊತ್ತಿಲ್ಲದೆ ಅಂಟು ಹಚ್ಚಬೇಡಿ. ಹಿಂಬದಿಯಲ್ಲಿ ಎಬಿಎಸ್ ಅಥವಾ ಪಿಪಿ ಅಂತ ಪ್ಲಾಸ್ಟಿಕ್‌ನ ಜಾತಿ ಅಚ್ಚಾಗಿರಬಹುದು. ಇಲ್ಲದಿದ್ದರೆ ಒಂದು ಚೂರು ನೀರಿಗೆ ಹಾಕಿ. ಪಿಪಿ ತೇಲುತ್ತದೆ, ಎಬಿಎಸ್ ಮುಳುಗುತ್ತದೆ. ಎಬಿಎಸ್ ಅಸಿಟೋನ್‌ಗೆ ಕರಗುತ್ತದೆ, ನಮಗೆ ಅದೇ ಅನುಕೂಲ. ಹಾಳಾದ ಎಬಿಎಸ್ ಚೂರುಗಳನ್ನು ಅಸಿಟೋನ್‌ನಲ್ಲಿ ನೆನೆಸಿಟ್ಟರೆ ಗಂಜಿಯಂತಾಗುತ್ತದೆ. ಮುರಿದ ಸ್ಕ್ರೂ ಬುಡಕ್ಕೆ ಹಿತ್ತಾಳೆ ಜಾಳಿಗೆ ಸುತ್ತಿ ಈ ಗಂಜಿ ಹಚ್ಚಿ ಎರಡು ದಿನ ಬಿಟ್ಟರೆ ಚೆನ್ನಾಗಿ ಹಿಡಿಯುತ್ತದೆ. ಫೆವಿಕ್ವಿಕ್ ಜಾತಿಯ ಅಂಟು ಗಾಡಿಯ ನಡುಕಕ್ಕೆ ಬಿಡುತ್ತದೆ, ಸುತ್ತ ಬಿಳಿ ಮಂಕು ಬೇರೆ. ಪಿಪಿಗೆ ಈ ಆಟ ಯಾವುದೂ ನಡೆಯುವುದಿಲ್ಲ. ಬಿಸಿ ಗಾಳಿಯಲ್ಲಿ ಬೆಸೆಯಬೇಕು, ಬಣ್ಣಕ್ಕೆ ಮೊದಲು ಪಿಪಿಗೆಂದೇ ಬರುವ ಪ್ರೈಮರ್ ಹಾಕಬೇಕು. ಪ್ಲಾಸ್ಟಿಕ್ ಮೇಲಿನ ಕ್ರೋಮ್ ಹೋದರೆ ಉಜ್ಜಬೇಡಿ. ಅದು ಕೂದಲಿಗಿಂತ ತೆಳುವಾದ ಪದರ, ಇನ್ನಷ್ಟು ಹೋಗುತ್ತದೆ.

ಮರದ ಕೆಲಸ ಬಂದರೆ ನನಗೆ ಖುಷಿ. ಗೋವಾ ಕಡೆಯಿಂದ ಒಮ್ಮೆ ಮರ್ಸಿಡಿಸ್ ಡಬ್ಲ್ಯೂ 123 ಬಂದಿತ್ತು. ಅದರ ಕನ್ಸೋಲ್‌ಗೆ ಜೀಬ್ರಾನೋ ಅನ್ನುವ ಪಶ್ಚಿಮ ಆಫ್ರಿಕಾದ ಮರದ ವಿನೀರ್, ಅಂದರೆ ಮೇಲೆ ಅಂಟಿಸುವ ತೆಳು ಹಾಳೆ. ಹೆಸರಿಗೆ ತಕ್ಕಂತೆ ಪಟ್ಟೆ ಪಟ್ಟೆ. ಮೇಲಿನ ವಾರ್ನಿಶ್ ಒಡೆದು ಬೆಳ್ಳಗಾಗಿತ್ತು, ಸ್ವಿಚ್ ಕಿಂಡಿಗಳ ನಡುವಿನ ಪಟ್ಟಿ ಎರಡು ಕಡೆ ಬಿರುಕು. ಮಾಲೀಕರು ಮರವೇ ಹೋಯ್ತು ಅಂದುಕೊಂಡಿದ್ದರು. ಒಡೆದದ್ದು ವಾರ್ನಿಶ್, ಮರ ಕೆಳಗೆ ಹಾಗೇ ಇತ್ತು.

ನಾನು ಹೀಟ್ ಗನ್ ತೆಗೆದೆ. ಶಹಾಪುರದಿಂದ ಬರುವ ಬಡಿಗೇರ ಕಾಕಾ ಬೇಡ ಅಂದರು. "ವಿನೀರ್ ಹಿಂದಿನ ಅಂಟು ಬಿಡತೈತಿ, ತಮ್ಮಾ." ಒಡೆದ ಕಿಟಕಿ ಗಾಜಿನ ಚೂರು ತಂದು, ಅದರ ಅಂಚಿನಿಂದ ಎಳೆ ಎಳೆಯಾಗಿ ವಾರ್ನಿಶ್ ಕೆರೆದರು. ಅರ್ಧ ದಿನ ಹಿಡಿಯಿತು. ವಿನೀರ್ ಒಂದು ಮಿಲಿಮೀಟರ್ ಕೂಡ ಇರುವುದಿಲ್ಲ. ಅಲ್ಲಿ ಮಶೀನ್ ಸ್ಯಾಂಡರ್ ಹಿಡಿದವನು ಒಂದು ಸಲ ಉಸಿರು ಬಿಡುವಷ್ಟರಲ್ಲಿ ಕೆಳಗಿನ ಪದರ ಕಾಣುತ್ತದೆ. ಆಮೇಲೆ ರಿಪೇರಿ ಇಲ್ಲ, ಹೊಸ ವಿನೀರೇ.

ಬಿರುಕಿಗೆ ತೆಳುವಾದ ಎಪಾಕ್ಸಿ ಇಳಿಸಿ, ಮೇಲೆ ಟೂ-ಕೆ ಪಿಯು ಕ್ಲಿಯರ್, ಅಂದರೆ ಹಾರ್ಡನರ್ ಬೆರೆಸಿ ಹೊಡೆಯುವ ಬಣ್ಣವಿಲ್ಲದ ಲೇಪ, ಎಂಟು ತೆಳು ಪದರ ಹೊಡೆದೆವು. ನಡುನಡುವೆ 400, 800ರ ವಾಟರ್ ಪೇಪರ್, ಕೊನೆಗೆ 2000 ಮತ್ತು ಹೊಳಪು ತರುವ ರಬ್ಬಿಂಗ್ ಕಾಂಪೌಂಡ್. ಇಲ್ಲಿ ಮಾತ್ರ ಹೊಳಪು ಬೇಕು. ಕಾರ್ಖಾನೆಯಿಂದಲೇ ಅದು ಹೊಳೆಯುತ್ತಾ ಬಂದಿತ್ತು. ಟೂ-ಕೆ ಹೊಡೆಯುವಾಗ ಕರ್ಚೀಫ್ ಕಟ್ಟಿಕೊಂಡರೆ ಸಾಲದು. ಅದರ ಹಾರ್ಡನರ್‌ನಲ್ಲಿರುವ ಐಸೊಸಯನೇಟ್‌ಗಳಿಂದ ಅಸ್ತಮಾ ಬರಬಹುದು. ಸರಿಯಾದ ಮಾಸ್ಕ್, ಬಯಲು ಗಾಳಿ ಇಲ್ಲದಿದ್ದರೆ ಬೇಡವೇ ಬೇಡ.

ಜೂನ್‌ನಿಂದ ಸೆಪ್ಟೆಂಬರ್ ತನಕ ಬೆಳಗಾವಿಯಲ್ಲಿ ನಾನು ಕ್ಲಿಯರ್ ಹೊಡೆಯುವುದಿಲ್ಲ. ಇಲ್ಲಿನ ಜಿಟಿಜಿಟಿ ಮಳೆಯ ಗಾಳಿಯಲ್ಲಿ ಲ್ಯಾಕರ್ ಬೆಳ್ಳಗೆ ಮಂಕಾಗುತ್ತದೆ, ಪಿಯುದಲ್ಲಿ ಗುಳ್ಳೆ ಏಳುತ್ತದೆ. ಗಿರಾಕಿ ಬೈದರೂ ಸರಿ, ಕಾಯಿಸುತ್ತೇನೆ. ವಿಜಯಪುರದ ಬಿಸಿಲು ಡ್ಯಾಶ್ ಸೀಳುತ್ತದೆ, ನಮ್ಮೂರ ಮಳೆ ರಿಪೇರಿ ಕೆಡಿಸುತ್ತದೆ. ನಡುವೆ ನನ್ನ ಹೊಟ್ಟೆಪಾಡು.

ಹನ್ನೊಂದನೇ ದಿನ ವಕೀಲರು ಬಂದರು. ಡ್ಯಾಶ್ ಮೇಲೆ ಕೈಯಾಡಿಸಿದರು. ಸೀಳು ಎಲ್ಲಿತ್ತು ಅಂತ ಹುಡುಕಿದರು. ಆಮೇಲೆ ಮುಖ ಸಣ್ಣದು ಮಾಡಿ, "ಚಲೋ ಆಗೇತ್ರಿ, ಆದ್ರ ಮಿಂಚವಲ್ದಲ್ರೀ?" ಅಂದರು. ಮಿಂಚಬಾರದು ಅಂದೆ. ಪಾಲಿಶ್ ಡಬ್ಬಿ ಮನೆಯಲ್ಲೇ ಇರಲಿ, ಒದ್ದೆ ಬಟ್ಟೆ ಸಾಕು. ಬಿಸಿಲಲ್ಲಿ ನಿಲ್ಲಿಸಿದಾಗ ಗಾಜಿನ ಕೆಳಗೆ ಒಂದು ಕೌದಿ ಹಾಸಿ, ಕಿಟಕಿ ಒಂದು ಬೆರಳು ಇಳಿಸಿಡಿ ಅಂತ ಹೇಳಿ ಕಳಿಸಿದೆ. ಅವರಿಗೆ ಪೂರ್ತಿ ಒಪ್ಪಿಗೆ ಆದಂತೆ ಕಾಣಲಿಲ್ಲ.

ಹದಿನೈದು ದಿನ ಬಿಟ್ಟು ಫೋನ್ ಬಂತು. "ಮಿಸ್ತ್ರಿ, ಮೊದ್ಲೆಲ್ಲಾ ಮಧ್ಯಾಹ್ನ ಗಾಡಿ ಹೊಡದ್ರ ಗಾಜಿನ್ಯಾಗ ಡ್ಯಾಶ್‌ಬೋರ್ಡೇ ಕಾಣ್ತಿತ್ತು. ಈಗ ರಸ್ತಾ ಕಾಣತೈತಿ ನೋಡ್ರಿ." ಒಂದು ಕ್ಷಣ ಸುಮ್ಮನಿದ್ದು ಮತ್ತೆ ಅಂದರು: "ಆದ್ರ ಆ ಕೌದಿ ನಮ್ಮವ್ವ ಹೊಲಿದಿದ್ದು. ವಾಪಸ್ ಕೊಡು ಅಂತ ಮನ್ಯಾಗ ದಿನಾ ಜಗಳ."