ಕೊನೆಯ ಸಾಲಿನ ಫ್ಯಾಟು ಎಲ್ಲಿ ಹೋಯಿತು?

ಮಂಡ್ಯ ಕಡೆಯ ಹಳ್ಳಿಯೊಂದರ ಡೈರಿ ಅಂದುಕೊಳ್ಳಿ. ಬೆಳಿಗ್ಗೆ ಹಾಲು ಹಾಕಿದವರ ಲೆಕ್ಕ ಒಂದು ಟೆಕ್ಸ್ಟ್ ಫೈಲ್‌ನಲ್ಲಿದೆ. ಒಬ್ಬೊಬ್ಬರಿಗೆ ಒಂದೊಂದು ಸಾಲು: ಸದಸ್ಯರ ನಂಬರು, ಹೆಸರು, ಲೀಟರು, ಕೊನೆಗೆ ಫ್ಯಾಟು. ಮೈಸೂರಿನಲ್ಲಿ ನಮ್ಮ ತಂಡಕ್ಕೆ ಬರುವ ಹೊಸಬರಿಗೆ ಇಂಥದ್ದೇ ಒಂದು ಫೈಲ್ ಕೊಟ್ಟು, ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಓದಿ ಮೊತ್ತ ಹಾಕಿ ಅನ್ನುತ್ತೇನೆ. ಹತ್ತು ಸಾಲಿನ ಕೋಡ್ ಸಾಕು. ಆದರೂ ಉತ್ತರ ಎಲ್ಲರದ್ದೂ ಒಂದೇ ಬರುವುದಿಲ್ಲ.

ಹೀಗೆ ಓದಿದ ಸಾಲಿನ ತುದಿಯಲ್ಲಿ ಸಾಲು ಮುಗಿಯಿತು ಅಂತ ತೋರಿಸುವ, ನ್ಯೂಲೈನ್ ಅನ್ನೋ ಕಣ್ಣಿಗೆ ಕಾಣದ ಅಕ್ಷರ ಇರುತ್ತದೆ. ಅದು ಬೇಡ ಅಂತ ತುಂಬಾ ಜನ ‘ಕೊನೆಯ ಒಂದು ಅಕ್ಷರ ಕತ್ತರಿಸು’ ಎಂದು ಬರೆದುಬಿಡುತ್ತಾರೆ. ಆದರೆ ಫೈಲ್‌ನ ಕಟ್ಟಕಡೆಯ ಸಾಲಿನಲ್ಲಿ ನ್ಯೂಲೈನ್ ಇದ್ದೇ ಇರುತ್ತದೆ ಅನ್ನುವ ಹಾಗಿಲ್ಲ. ಟೈಪ್ ಮಾಡಿದವರು ಎಂಟರ್ ಒತ್ತದೆ ಸೇವ್ ಮಾಡಿದ್ದರೆ ಇರುವುದಿಲ್ಲ. ಆಗ ಕತ್ತರಿ ಬೀಳುವುದು ಅಂಕಿಯ ಮೇಲೆ. 4.5 ಇದ್ದ ಫ್ಯಾಟು ‘4.’ ಆಗುತ್ತದೆ. ಪೈಥಾನ್ ಅದನ್ನು ತಕರಾರಿಲ್ಲದೆ 4.0 ಅಂತ ಓದಿಕೊಳ್ಳುತ್ತದೆ. ಎರರ್ ಇಲ್ಲ, ವಾರ್ನಿಂಗ್ ಇಲ್ಲ. ಹಾಲಿನ ರೇಟಿಗೆ ಫ್ಯಾಟೇ ಮುಖ್ಯ ಅಲ್ವಾ? ಪಟ್ಟಿಯ ಕೊನೆಯಲ್ಲಿ ಹೆಸರಿರುವ ಮನೆಗೆ ದುಡ್ಡು ಕಡಿಮೆ ಬೀಳುತ್ತದೆ, ಯಾಕೆ ಅಂತ ಡೈರಿಯವರಿಗೂ ಗೊತ್ತಾಗುವುದಿಲ್ಲ. ನಿಂತುಹೋಗುವ ಪ್ರೋಗ್ರಾಂಗಿಂತ ಇಂಥದ್ದಕ್ಕೆ ನಾನು ಜಾಸ್ತಿ ಹೆದರುತ್ತೇನೆ.

ಕತ್ತರಿಸುವ ಬದಲು, ಸಾಲಿನ ತುದಿಯಿಂದ ಹೇಳಿದ್ದನ್ನು ಮಾತ್ರ ತೆಗೆಯುವ ‘ಆರ್‌ಸ್ಟ್ರಿಪ್’ ಬಳಸಿ, ಯಾವುದನ್ನು ತೆಗೆಯಬೇಕು ಅಂತ ನ್ಯೂಲೈನ್ ಹೆಸರನ್ನೇ ಹೇಳಿ. ಇದ್ದರೆ ತೆಗೆಯುತ್ತದೆ, ಇಲ್ಲದಿದ್ದರೆ ಸುಮ್ನೆ ಬಿಡುತ್ತದೆ. ಲಿನಕ್ಸ್ ಶೆಲ್‌ನಲ್ಲಿ (ಕಮಾಂಡ್ ಟೈಪ್ ಮಾಡುವ ಜಾಗ) ಸಾಲು ಸಾಲಾಗಿ ಓದಲು ‘ವೈಲ್ ರೀಡ್’ ಬರೆಯುವವರು ಇನ್ನೂ ಹುಷಾರಾಗಿರಬೇಕು. ಅಲ್ಲಿ ನ್ಯೂಲೈನ್ ಇಲ್ಲದ ಕೊನೆಯ ಸಾಲು ಪೂರ್ತಿಯಾಗಿಯೇ ಲೆಕ್ಕದಿಂದ ಬಿಟ್ಟುಹೋಗುತ್ತದೆ.

ಇನ್ನೊಂದು, ಖಾಲಿ ಸಾಲು. ಪೈಥಾನ್‌ನಲ್ಲಿ ಒಂದು ಸಾಲು ಓದಿಕೊಡುವ ‘ರೀಡ್‌ಲೈನ್’ ಫೈಲ್ ಮುಗಿದಾಗ ಖಾಲಿ ಸ್ಟ್ರಿಂಗ್, ಅಂದರೆ ಒಂದೂ ಅಕ್ಷರವಿಲ್ಲದ ಪಠ್ಯ ಕೊಡುತ್ತದೆ. ನಡುವೆ ಖಾಲಿ ಸಾಲು ಬಂದರೆ ಬರೀ ನ್ಯೂಲೈನ್ ಕೊಡುತ್ತದೆ. ಓದಿದ ತಕ್ಷಣ ಸ್ಟ್ರಿಪ್ ಮಾಡಿ (ಎರಡೂ ತುದಿಯ ಸ್ಪೇಸ್, ನ್ಯೂಲೈನ್ ತೆಗೆದು), ಆಮೇಲೆ ‘ಖಾಲಿನಾ?’ ಅಂತ ಕೇಳಿದರೆ ಎರಡೂ ಒಂದೇ ಥರ ಕಾಣುತ್ತವೆ, ಫೈಲ್ ಮುಗಿಯಿತು ಅಂತ ಪ್ರೋಗ್ರಾಂ ಅಲ್ಲೇ ನಿಲ್ಲಿಸುತ್ತದೆ. ಯಾರೋ ಅಂದಕ್ಕೆ ಬಿಟ್ಟ ಖಾಲಿ ಸಾಲಿನಿಂದಾಚೆಗಿನ ರೈತರೆಲ್ಲ ಮಾಯ. ಪೈಥಾನ್‌ನಲ್ಲಿ ನೇರವಾಗಿ ಫೈಲ್ ಮೇಲೆ ‘ಫಾರ್’ ಲೂಪ್ ಹಾಕಿದರೆ ಈ ರಗಳೆಯೇ ಇಲ್ಲ. ಒಂದೊಂದೇ ಸಾಲು ತರುವುದರಿಂದ ವರ್ಷದ ಲೆಕ್ಕವಿರುವ ದೊಡ್ಡ ಫೈಲ್ ಆದರೂ ಮೆಮೊರಿ ತುಂಬುವುದಿಲ್ಲ.

ಹಳೇ ಟೈಪ್‌ರೈಟರ್‌ನಲ್ಲಿ ಸಾಲು ಮುಗಿದಾಗ ಎರಡು ಕೆಲಸ ಆಗಬೇಕಿತ್ತು: ಗಾಡಿ ಮೊದಲಿನ ಜಾಗಕ್ಕೆ ಬರಬೇಕು, ಕಾಗದ ಒಂದು ಸಾಲು ಮೇಲೇರಬೇಕು. ಟೆಲಿಪ್ರಿಂಟರ್‌ಗಳಲ್ಲಿ ಇವೇ ಕ್ಯಾರೇಜ್ ರಿಟರ್ನ್, ಲೈನ್ ಫೀಡ್ ಅನ್ನುವ ಎರಡು ಸಂಕೇತಗಳಾದವು. ಅಕ್ಷರಗಳಿಗೆ ನಂಬರು ಕೊಡುವ ಆಸ್ಕಿ ಪಟ್ಟಿಯಲ್ಲಿ ಇವು 13 ಮತ್ತು 10. ವಿಂಡೋಸ್ ಇವತ್ತಿಗೂ ಎರಡನ್ನೂ ಬರೆಯುತ್ತದೆ, ಲಿನಕ್ಸ್ 10 ಒಂದನ್ನೇ. ಪೈಥಾನ್ ಫೈಲನ್ನು ಟೆಕ್ಸ್ಟ್ ಆಗಿ ತೆರೆದಾಗ ಎರಡನ್ನೂ ಒಂದೇ ನ್ಯೂಲೈನ್ ಮಾಡಿ ಕೊಡುತ್ತದೆ. ಹಾಗಾಗಿ ಹೊಸಬರಿಗೆ ಈ ವ್ಯತ್ಯಾಸ ಇದೆ ಅಂತಲೇ ಗೊತ್ತಿರುವುದಿಲ್ಲ.

ಗೊತ್ತಾಗುವುದು ಫೈಲ್ ತೆರೆಯದೆ, ಬೇರೆ ಕಡೆಯಿಂದ ಸ್ಟ್ರಿಂಗ್ ನೇರವಾಗಿ ಕೈಗೆ ಬಂದಾಗ. ವೆಬ್ ಫಾರ್ಮ್‌ನ ದೊಡ್ಡ ಬಾಕ್ಸಿನಲ್ಲಿ ಒಬ್ಬರು ಮದ್ದೂರು, ಪಾಂಡವಪುರ, ನಾಗಮಂಗಲ ಅಂತ ಸಾಲಿಗೊಂದು ಊರು ಬರೆದು ಕಳಿಸಿದರು ಅನ್ನಿ. ಬ್ರೌಸರ್ ಕಳಿಸುವಾಗ ಸಾಲಿನ ತುದಿಗೆ 13 ಮತ್ತು 10 ಎರಡನ್ನೂ ಹಾಕುತ್ತದೆ. ನೀವು ನ್ಯೂಲೈನ್ (10) ಇರುವ ಕಡೆ ಮಾತ್ರ ‘ಸ್ಪ್ಲಿಟ್’ ಮಾಡಿ ತುಂಡರಿಸಿದರೆ ಮದ್ದೂರಿನ ಬಾಲಕ್ಕೆ 13 ಅಂಟಿಕೊಂಡೇ ಉಳಿಯುತ್ತದೆ. ಸ್ಕ್ರೀನ್ ಮೇಲೆ ಮದ್ದೂರು ಅಂತಲೇ ಕಾಣುತ್ತದೆ, ಪಟ್ಟಿಯಲ್ಲಿರುವ ಮದ್ದೂರಿಗೆ ಮಾತ್ರ ಹೊಂದುವುದಿಲ್ಲ. ಇಂಥ ಕಡೆ ಎರಡೂ ಬಗೆಯ ಸಾಲಿನ ತುದಿ ಗುರುತಿಸುವ ‘ಸ್ಪ್ಲಿಟ್‌ಲೈನ್ಸ್’ ಒಳ್ಳೆಯದು. ಕೊನೆಯಲ್ಲಿ ಎಂಟರ್ ಇದ್ದರೆ ಸ್ಪ್ಲಿಟ್ ಸುಮ್ಮಸುಮ್ಮನೆ ಒಂದು ಖಾಲಿ ಸಾಲು ಸೇರಿಸುತ್ತದೆ, ಇದು ಸೇರಿಸುವುದಿಲ್ಲ. ಆದರೆ ಇದು ಫಾರ್ಮ್ ಫೀಡ್, ವರ್ಟಿಕಲ್ ಟ್ಯಾಬ್ ಅನ್ನುವ ಬೇರೆ ಕಾಣದ ಅಕ್ಷರಗಳನ್ನೂ ಸಾಲಿನ ಕೊನೆ ಅಂತ ಎಣಿಸುತ್ತದೆ. ಫೈಲ್ ಓದುವಾಗ ಅವು ಲೆಕ್ಕಕ್ಕಿಲ್ಲ. ಎರಡೂ ಕಡೆ ಸಾಲಿನ ನಂಬರು ಒಂದೇ ಬರಬೇಕಿದ್ದರೆ ಸ್ಟ್ರಿಂಗನ್ನು ಫೈಲ್‌ನಂತೆ ಓದಲು ಬಿಡುವ ‘ಸ್ಟ್ರಿಂಗ್‌ಐಒ’ ಒಳಗೆ ಹಾಕಿ, ನ್ಯೂಲೈನ್ ಆಯ್ಕೆಗೆ ‘ನನ್’ (None) ಕೊಟ್ಟು, ಫೈಲ್ ಥರವೇ ಓದಿ. ಟೆಸ್ಟ್ ಬರೆಯುವಾಗಲೂ ನಾನು ಇದನ್ನೇ ಬಳಸುತ್ತೇನೆ.

ಹೆಸರುಗಳು ಕನ್ನಡದಲ್ಲಿದ್ದರೆ ಫೈಲ್ ತೆರೆಯುವಾಗಲೇ ಎನ್‌ಕೋಡಿಂಗ್ (ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಕ್ರಮ) ಯುಟಿಎಫ್-8 ಅಂತ ಬರೆಯಿರಿ. ‘ಮ’ ಅನ್ನೋ ಒಂದು ಅಕ್ಷರಕ್ಕೇ ಅದರಲ್ಲಿ 3 ಬೈಟ್ ಬೇಕು. ಬೈಟ್ ಲೆಕ್ಕದಲ್ಲಿ ತುಂಡು ತುಂಡಾಗಿ ಓದಿದರೆ ಅಕ್ಷರದ ನಡುವೆಯೇ ಕತ್ತರಿಸಿದಂತಾಗುತ್ತದೆ. ಎಕ್ಸೆಲ್‌ನಲ್ಲಿ ಯುಟಿಎಫ್-8 ಸಿಎಸ್‌ವಿ ಅಂತ ಸೇವ್ ಮಾಡಿದ ಫೈಲ್ ಆದರೆ ಶುರುವಿನಲ್ಲೇ ಬಿಒಎಂ ಅನ್ನುವ ಕಣ್ಣಿಗೆ ಕಾಣದ ಗುರುತು ಕೂತಿರುತ್ತದೆ. ಮೊದಲ ಸಾಲಿನ 101 ಅನ್ನು ಸಂಖ್ಯೆ ಮಾಡಲು ಹೋದರೆ ಎರರ್ ಬರುತ್ತದೆ, ನೋಡಿದರೆ 101 ಸರಿಯಾಗೇ ಕಾಣುತ್ತದೆ. ಸ್ಟ್ರಿಪ್ ಮಾಡಿದರೂ ಅದು ಹೋಗುವುದಿಲ್ಲ. ಎನ್‌ಕೋಡಿಂಗ್ ಹೆಸರನ್ನು ‘ಯುಟಿಎಫ್-8-ಸಿಗ್’ ಅಂತ ಕೊಡಿ. ಗುರುತು ಇದ್ದರೆ ತೆಗೆದು ಓದುತ್ತದೆ, ಇಲ್ಲದ ಫೈಲನ್ನೂ ಸರಿಯಾಗೇ ಓದುತ್ತದೆ.