ಮನೆಯಲ್ಲೇ ಕಾರ್ಟ್ರಿಜ್‌ಗೆ ಇಂಕ್: ಸ್ಪಂಜು ಕುಡಿಯುವಷ್ಟೇ ಕೊಡಿ

ಪ್ರಶ್ನೆ: "ನಮ್ಮ ಮನ್ಯಾಗ ಎಚ್‌ಪಿ ಡೆಸ್ಕ್‌ಜೆಟ್ 2131 ಐತ್ರಿ. ಹುಡುಗರ ಪ್ರಾಜೆಕ್ಟ್, ಹೊಲದ ಉತಾರ, ಆಧಾರ್ ಕಾಪಿ ಅಂತ ಮ್ಯಾಲಿಂದ ಮ್ಯಾಲ ಹೊಸ ಕಾರ್ಟ್ರಿಜ್ ತರೂದಾಗೇತಿ. ಅಂಗಡ್ಯಾಗ ನೂರು ಎಂಎಲ್ ಇಂಕಿನ ಬಾಟ್ಲಿ ಸಿಗ್ತಾವಲ್ಲ, ಅದನ್ನ ಸಿರಿಂಜ್ ಹಚ್ಚಿ ನಾವ ತುಂಬಿದ್ರ ನಡೀತೈತೇನ್ರಿ? ಮಗ್ಗಲ ಮನಿಯವರು ತುಂಬಿದ್ರು. ನಾಕು ಸಾಲು ಛಂದ ಬಂತು, ಐದನೇ ಸಾಲಿಗೆ ಬಿಳಿ. ಹಂಗ್ಯಾಕ ಆತು?" (ಗದಗದಿಂದ ಓದುಗರೊಬ್ಬರು)

ನಡೆಯುತ್ತದೆ. ನಿಮ್ಮ 2131ಕ್ಕೆ ಕೂಡುವುದು 803 ನಂಬರಿನ ಕಾರ್ಟ್ರಿಜ್. ಸಿರಿಂಜಿಗೆ ಒಗ್ಗುವ ಜಾತಿ ಅದು. ಮಗ್ಗುಲ ಮನೆಯವರ ಐದನೇ ಸಾಲು ಬಿಳಿಯಾಗಿದ್ದಕ್ಕೆ ಮೊದಲು ಅನುಮಾನಿಸಬೇಕಾದದ್ದು ಇಂಕ್ ತುಂಬಿದ ತೂತಿನ ಮೇಲೆ ಅವರು ಅಂಟಿಸಿರಬಹುದಾದ ಸೆಲ್ಲೊ ಟೇಪನ್ನು. ಟೇಪಿಗೂ ಇಂಕಿಗೂ ಏನು ಸಂಬಂಧ ಎಂದರೆ, ಡಬ್ಬಿಯೊಳಗೆ ಏನಿದೆ ಎಂದು ಒಮ್ಮೆ ನೋಡಬೇಕಾಗುತ್ತದೆ.

ಈ ಜಾತಿಯ ಕಾರ್ಟ್ರಿಜ್ ಬಿಚ್ಚಿದರೆ ಸಿಗುವುದು ಒತ್ತಿ ತುಂಬಿದ ಸ್ಪಂಜು. ಕಪ್ಪಿನದರಲ್ಲಿ ಒಂದೇ ಕೋಣೆ, ಬಣ್ಣದ್ದರಲ್ಲಿ ನೀಲಿ, ಗುಲಾಬಿ, ಹಳದಿಗೆ ಮೂರು ಕೋಣೆ. ಬತ್ತಿ ಎಣ್ಣೆ ಹಿಡಿದಂತೆ ಸ್ಪಂಜು ಇಂಕನ್ನು ಹಿಡಿದಿರುತ್ತದೆ, ಅದಕ್ಕೇ ಕೆಳಗೆ ಬಾಯಿ ತೆರೆದಿದ್ದರೂ ಸೋರುವುದಿಲ್ಲ. ತಳದಲ್ಲಿರುವ ನಾಜಲ್ ಪಟ್ಟಿಯ ತೂತುಗಳು ಕೂದಲಿಗಿಂತ ಸಣ್ಣವು. ಒಂದೊಂದು ತೂತಿನ ಹಿಂದೆಯೂ ಒಂದು ಪುಟ್ಟ ಹೀಟರ್ ಇದೆ. ಅದು ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಬೇಗ, ಸೆಕೆಂಡಿನ ಲಕ್ಷದಲ್ಲೊಂದು ಭಾಗಕ್ಕಿಂತಲೂ ಕಡಿಮೆ ಹೊತ್ತಿನಲ್ಲಿ, ಸುಮಾರು 300 ಡಿಗ್ರಿಗೆ ಕಾಯುತ್ತದೆ. ಮುಟ್ಟಿದ ಇಂಕ್ ಕುದಿದು ಗುಳ್ಳೆಯಾಗಿ, ಮುಂದಿನ ಹನಿಯನ್ನು ಕಾಗದದ ಮೇಲೆ ಚಿಮ್ಮಿಸುತ್ತದೆ. ಹೀಟರನ್ನು ತಣ್ಣಗಿಡುವುದೂ ಅದೇ ಇಂಕು. ಒಣ ಕಾರ್ಟ್ರಿಜ್ ಹಾಕಿಕೊಂಡು "ಇನ್ನೊಂದು ಪುಟ ಬರ್ತದೇನೋ" ಎಂದು ಎಳೆದರೆ, ಒಲೆಯ ಮೇಲೆ ಖಾಲಿ ಪಾತ್ರೆ ಇಟ್ಟ ಹಾಗೆ. ಹೀಟರ್ ಸುಟ್ಟ ಮೇಲೆ ಎಷ್ಟು ಇಂಕ್ ಹೊಯ್ದರೂ ಆ ಗೆರೆ ಮತ್ತೆ ಮೂಡುವುದಿಲ್ಲ. ಆದ್ದರಿಂದ ಅಕ್ಷರ ಮಸುಕಾಗತೊಡಗಿದ ದಿನವೇ ತುಂಬಿ, ಪೂರ್ತಿ ಬತ್ತುವ ತನಕ ಕಾಯಬೇಡಿ. ಆರು ತಿಂಗಳಿಂದ ಕಪಾಟಿನಲ್ಲಿ ಒಣಗಿ ಕುಳಿತ ಕಾರ್ಟ್ರಿಜ್ ಹಿಡಿದುಕೊಂಡು ಕಲಿಯಲು ಹೊರಟವರಿಗೆ ಮೊದಲ ದಿನವೇ ಬೇಸರ ಬರುತ್ತದೆ.

ಈಗ ಟೇಪಿನ ವಿಷಯ. ಕೆಳಗಿನಿಂದ ಇಂಕ್ ಹೋದಷ್ಟು ಮೇಲಿನಿಂದ ಗಾಳಿ ಒಳಗೆ ಬರಬೇಕು. ಕಾರ್ಟ್ರಿಜ್ ನೆತ್ತಿಯ ಸ್ಟಿಕರ್ ಕಿತ್ತರೆ ತೂತುಗಳೂ, ಅವುಗಳಿಂದ ಅಂಚಿನ ತನಕ ಹಾವಿನಂತೆ ಹರಿದಾಡುವ ಸಣ್ಣ ಗೀರುಗಳೂ ಕಾಣುತ್ತವೆ. ಗಾಳಿ ಬರುವ ಓಣಿ ಅದು. ಅದರ ಮೇಲೆ ಅಗಲವಾದ ಸೆಲ್ಲೊ ಟೇಪ್ ಒತ್ತಿ ಅಂಟಿಸಿದರೆ ಓಣಿಯ ಬಾಯಿ ಮುಚ್ಚಿತು. ನಾಲ್ಕು ಸಾಲಿನ ತನಕ ಇಂಕ್ ಹೇಗೋ ಬರುತ್ತದೆ, ಆಮೇಲೆ ಒಳಗಿನ ಸೆಳೆತಕ್ಕೆ ನಿಂತುಬಿಡುತ್ತದೆ. ಬೆರಳಿನಿಂದ ಬಾಯಿ ಮುಚ್ಚಿದ ಸ್ಟ್ರಾದಿಂದ ನೀರು ಬೀಳದಿರುವುದೂ ಇದೇ ಕಾರಣಕ್ಕೆ. ನೆರೆಯವರಿಗೆ ಹೇಳಿ: ಟೇಪ್ ಕಿತ್ತು, ಅರ್ಧ ಗಂಟೆ ಬಿಟ್ಟು, ಮತ್ತೆ ಪ್ರಿಂಟ್ ಕೊಡಲಿ.

ಯಾವುದಕ್ಕೆ ಯಾವ ಇಂಕ್

ಎಚ್‌ಪಿಯ 802, 803, 678, 680, 805, ಕ್ಯಾನನ್‌ನ ಪಿಜಿ-745, ಸಿಎಲ್-746, ಪಿಜಿ-47, ಸಿಎಲ್-57 ಇವೆಲ್ಲ ತಳದಲ್ಲಿ ನಾಜಲ್ ಇರುವ, ಸ್ಪಂಜಿನ ಕಾರ್ಟ್ರಿಜ್‌ಗಳು. ಎಪ್ಸನ್ ಎಲ್3110 ಥರದ ಟ್ಯಾಂಕ್ ಪ್ರಿಂಟರ್ ಇದ್ದವರಿಗೆ ಈ ಲೇಖನವೇ ಬೇಡ. ಬಾಟಲಿ ಬಗ್ಗಿಸಿದರೆ ಮುಗಿಯಿತು.

ಇಂಕಿನಲ್ಲಿ ಎರಡು ಬಗೆ. ನೀರಿನಲ್ಲಿ ಪೂರ್ತಿ ಕರಗಿದ್ದು ಡೈ, ನುಣ್ಣನೆಯ ಪುಡಿ ತೇಲಾಡುತ್ತಿರುವುದು ಪಿಗ್ಮೆಂಟ್. 803 ಮತ್ತು 745ರ ಕಪ್ಪು ಪಿಗ್ಮೆಂಟ್, ಬಣ್ಣಗಳು ಡೈ. ಕಪ್ಪಿಗೂ ಡೈ ತುಂಬಿದರೆ ಪ್ರಿಂಟ್ ಬರುತ್ತದೆ, ಆದರೆ ಕಪ್ಪು ತುಸು ಬೂದು ಬಣ್ಣಕ್ಕೆ ತಿರುಗುತ್ತದೆ. ಉತಾರದ ಮೇಲೆ ಒಂದು ಮಳೆಹನಿ ಬಿದ್ದರೆ ಸರ್ವೆ ನಂಬರೇ ಹರಡಿ ಹೋಗುತ್ತದೆ. ಬಣ್ಣದ ಕೋಣೆಗೆ ಪಿಗ್ಮೆಂಟ್ ಹಾಕಿದರೆ ನಾಜಲ್ ಕಟ್ಟುತ್ತದೆ. ಒಂದೇ ಸ್ಪಂಜಿನಲ್ಲಿ ಎರಡನ್ನೂ ಬೆರೆಸಿದರೆ ಹಾಲು ಒಡೆದಂತೆ ಗಸಿಗಸಿಯಾಗುವ ಅಪಾಯವಿದೆ. ಬಾಟಲಿಯ ಮೇಲೆ ನಿಮ್ಮ ಕಂಪನಿಯ ಹೆಸರು, ಪಿಗ್ಮೆಂಟೋ ಡೈಯೋ ಎಂಬುದು, ತಯಾರಿಸಿದ ದಿನಾಂಕ ಈ ಮೂರನ್ನು ಓದಿಕೊಳ್ಳಿ. ಎಪ್ಸನ್ ಇಂಕನ್ನು ಎಚ್‌ಪಿಗೆ ಹಾಕಬೇಡಿ. ಎಪ್ಸನ್‌ನ ಹೆಡ್, ಅಂದರೆ ಹನಿ ಚಿಮ್ಮಿಸುವ ಭಾಗ, ಇಂಕನ್ನು ಕುದಿಸುವುದಿಲ್ಲ, ಅದುಮಿ ದೂಡುತ್ತದೆ. ಅದಕ್ಕೆಂದು ಮಾಡಿದ ಇಂಕ್ ಎಚ್‌ಪಿ ಹೀಟರ್ ಮೇಲೆ ಕರಕಲು ಕಟ್ಟಬಹುದು. ಗದಗಿನಲ್ಲಿ ಪ್ರಿಂಟಿಂಗ್ ಪ್ರೆಸ್ಸುಗಳಿಗೆ ಬರವಿಲ್ಲ, ಹಾಗೆಂದು ಪರಿಚಯದವರ ಪ್ರೆಸ್ಸಿನಿಂದ ಒಂದು ಚಮಚ ಶಾಯಿ ತರಲು ಹೋಗಬೇಡಿ. ಆಫ್‌ಸೆಟ್ ಶಾಯಿ ಎಣ್ಣೆಯದು, ತುಪ್ಪದಂತೆ ಮಂದ.

100 ಎಂಎಲ್ ಕಪ್ಪು ಬಾಟಲಿಯಿಂದ ಸಲಕ್ಕೆ 5 ಎಂಎಲ್‌ನಂತೆ 20 ಸಲ ತುಂಬಬಹುದು. ಕಾರ್ಟ್ರಿಜ್ ಮಾತ್ರ ಅಷ್ಟು ದಿನ ಬಾಳುವುದಿಲ್ಲ, ಐದಾರು ಸಲ ಬಂದರೆ ಖುಷಿಪಡಿ.

ತುಂಬುವ ಕೆಲಸ

ಔಷಧಿ ಅಂಗಡಿಯಿಂದ 5 ಎಂಎಲ್ ಸಿರಿಂಜ್ ನಾಲ್ಕು ತನ್ನಿ, ಬಣ್ಣಕ್ಕೊಂದು. ಸೂಜಿ ಒಂದೂವರೆ ಇಂಚಿನದಿರಲಿ. ಜೊತೆಗೆ ಕೈಗವಸು, ಟಿಶ್ಯೂ ಪೇಪರ್, ಹಲ್ಲುಕಡ್ಡಿ, ಹಳೆಯ ಪೇಪರ್. ಶಹಾಬಾದ್ ಫರಸಿಯ ಮೇಲೆ ಕುಳಿತು ಮಾಡುವುದಾದರೆ ಪೇಪರಿನ ಕೆಳಗೆ ಪ್ಲಾಸ್ಟಿಕ್ ಹಾಳೆಯನ್ನೂ ಹಾಸಿ, ಆ ಕಲ್ಲು ಕುಡಿದ ಬಣ್ಣ ಹೋಗುವುದಿಲ್ಲ. ಕೈಗೆ ಹತ್ತಿದ್ದು ಎರಡು ದಿನದಲ್ಲಿ ಹೋಗುತ್ತದೆ. ಬಿಳಿ ಅಂಗಿಗೆ ಹತ್ತಿದರೆ ಅಂಗಿಯ ಆಸೆ ಬಿಡಿ.

ಅಡುಗೆಮನೆಯಲ್ಲಿ ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿ ಇದ್ದರೆ ತುಂಬುವ ಮುಂಚೆ ಕಾರ್ಟ್ರಿಜ್ ತೂಗಿ ಬರೆದಿಡಿ. ಒಂದು ಎಂಎಲ್ ಇಂಕ್ ಹೆಚ್ಚುಕಡಿಮೆ ಒಂದು ಗ್ರಾಂ. ಹೊಸ ಕಾರ್ಟ್ರಿಜ್ ತಂದ ದಿನವೇ ತೂಗಿಟ್ಟಿದ್ದರಂತೂ ಎಷ್ಟು ಖರ್ಚಾಗಿದೆ, ಎಷ್ಟು ಹಾಕಬೇಕು ಎಂಬುದಕ್ಕೆ ಊಹೆಯೇ ಬೇಡ.

ಸ್ಟಿಕರನ್ನು ಒಂದು ಮೂಲೆಯಿಂದ ನಿಧಾನವಾಗಿ ಎಬ್ಬಿಸಿ, ಹರಿಯದಂತೆ ತೆಗೆದಿಡಿ, ಅದೇ ಮತ್ತೆ ಬೇಕು. ಕಪ್ಪಿನದರಲ್ಲಿ ಎಷ್ಟು ತೂತಿದ್ದರೂ ಎಲ್ಲ ಒಂದೇ ಕೋಣೆಗೆ ಹೋಗುತ್ತವೆ, ನಡುವಿನದು ಸಾಕು. ಬಣ್ಣದ್ದರಲ್ಲಿ ಯಾವ ತೂತು ಯಾವ ಬಣ್ಣ ಎಂದು ಯಾವುದೋ ವಿಡಿಯೊ ನಂಬಿ ಹಾಕಬೇಡಿ, ಮಾಡೆಲ್ ಬದಲಾದರೆ ಜಾಗವೂ ಬದಲಾಗುತ್ತದೆ. ಒಂದೊಂದು ತೂತಿಗೂ ಹೊಸ ಹಲ್ಲುಕಡ್ಡಿ ಇಳಿಸಿ, ಸ್ಪಂಜಿಗೆ ಮುಟ್ಟಿಸಿ, ತುದಿಯನ್ನು ಬಿಳಿ ಟಿಶ್ಯೂಗೆ ಒತ್ತಿ. ಹತ್ತಿದ ಬಣ್ಣವೇ ಆ ಕೋಣೆಯ ಬಣ್ಣ. ಪೆನ್ನಿನಿಂದ ಪಕ್ಕದಲ್ಲೇ ಗುರುತು ಮಾಡಿಕೊಳ್ಳಿ.

ಸಿರಿಂಜಿಗೆ ಇಂಕ್ ಎಳೆದ ಮೇಲೆ ಸೂಜಿ ಮೇಲೆ ಮಾಡಿ, ನರ್ಸ್ ಮಾಡುವಂತೆ ಬೆರಳಿನಿಂದ ತಟ್ಟಿ ಗುಳ್ಳೆ ಹೊರಹಾಕಿ. ಕಾರ್ಟ್ರಿಜನ್ನು ನಾಜಲ್ ಕೆಳಗಾಗಿ, ನಾಲ್ಕು ಮಡಿಕೆ ಟಿಶ್ಯೂ ಮೇಲೆ ನೆಟ್ಟಗೆ ಹಿಡಿಯಿರಿ. ಸೂಜಿಯನ್ನು ಸ್ಪಂಜಿನೊಳಗೆ ಮುಕ್ಕಾಲು ಆಳಕ್ಕೆ ಇಳಿಸಿ. ತಳ ಚುಚ್ಚಬೇಡಿ, ಅಲ್ಲಿ ಸೋಸುವ ಜಾಲರಿ ಇದೆ. ಇನ್ನು ಒತ್ತುವುದು: ಒಂದು ಎಂಎಲ್‌ಗೆ ಹತ್ತು ಹದಿನೈದು ಸೆಕೆಂಡು, ಒತ್ತುತ್ತಲೇ ಸೂಜಿಯನ್ನು ಮೆಲ್ಲಗೆ ಮೇಲೆ ಎಳೆಯುತ್ತ. ರಭಸದಿಂದ ಒತ್ತಿದರೆ ಇಂಕ್ ಸ್ಪಂಜಿನ ಪಕ್ಕದಿಂದ ನುಗ್ಗಿ, ನಡುವೆ ಗಾಳಿ ಸಿಕ್ಕಿಕೊಳ್ಳುತ್ತದೆ. ಮೊದಲ ಸಲಕ್ಕೆ ಕಪ್ಪು 4 ಎಂಎಲ್, ಬಣ್ಣದ ಕೋಣೆಗೆ ಒಂದೊಂದಕ್ಕೆ ಒಂದೂವರೆಯಿಂದ 2 ಎಂಎಲ್ ದಾಟಬೇಡಿ. ತೂತಿನ ಬಾಯಲ್ಲಿ ಇಂಕ್ ಹೊಳೆಯತೊಡಗಿದರೆ ಅಷ್ಟಕ್ಕೇ ನಿಲ್ಲಿಸಿ, ಅರ್ಧ ಎಂಎಲ್ ವಾಪಸ್ ಎಳೆದುಕೊಳ್ಳಿ. ಬಾಟಲಿಯಲ್ಲಿ ಇನ್ನೂ ಬೇಕಾದಷ್ಟಿದೆ ಎಂಬ ಉದಾರತನವೇ ಇಲ್ಲಿ ಕೆಲಸ ಕೆಡಿಸುವುದು. ಸ್ಪಂಜಿಗೆ ಹಿಡಿಸದ ಇಂಕ್ ಒಂದೋ ನಾಜಲಿನಿಂದ ತೊಟ್ಟಿಕ್ಕುತ್ತದೆ, ಇಲ್ಲವೇ ಪಕ್ಕದ ಬಣ್ಣದ ಕೋಣೆಗೆ ಇಳಿಯುತ್ತದೆ.

ಬಾಯಿ ಒರೆಸಿ, ಹಳೆಯ ಸ್ಟಿಕರನ್ನೇ ಮೊದಲಿದ್ದಂತೆ ಕೂರಿಸಿ. ಅದು ಹಾಳಾಗಿದ್ದರೆ ಟೇಪಿನ ಸಣ್ಣ ತುಂಡು ಸಾಕು, ಆದರೆ ಗೀರಿನ ತುದಿ ತೆರೆದೇ ಇರಬೇಕು. ಅರ್ಧ ಗಂಟೆ ಹಾಗೇ ಬಿಡಿ.

ಆಮೇಲೆ ಪರೀಕ್ಷೆ. ಟಿಶ್ಯೂವನ್ನು ಬ್ಯಾಟರಿ ನೀರಿನಲ್ಲಿ ತುಸು ತೇವ ಮಾಡಿ, ನಾಜಲನ್ನು ಅದರ ಮೇಲೆ ಹತ್ತು ಸೆಕೆಂಡು ಒತ್ತಿ ಎತ್ತಿ, ಉಜ್ಜಬೇಡಿ. ಕಪ್ಪಿಗೆ ಒಂದು ಗಟ್ಟಿ ಪಟ್ಟಿ, ಬಣ್ಣಕ್ಕೆ ಮೂರು ಬೇರೆಬೇರೆ ಪಟ್ಟಿ ಮೂಡಬೇಕು. ಬ್ಯಾಟರಿ ನೀರು ಎಂದರೆ ಇನ್ವರ್ಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್. ಆಸಿಡ್ ಕ್ಯಾನ್ ಬೇರೆ, ಲೇಬಲ್ ನೋಡಿ ತನ್ನಿ. ಬೋರಿನ ಸವಳು ನೀರು ಬೇಡವೇ ಬೇಡ. ಕೊಡದ ಒಳಗೆ ಬಿಳಿ ಪೊರೆ ಕಟ್ಟುವ ಆ ನೀರು ನಾಜಲಿನಲ್ಲೂ ಅದನ್ನೇ ಮಾಡುತ್ತದೆ. ಕಾರ್ಟ್ರಿಜ್ ಮೈಮೇಲಿನ ತಾಮ್ರದ ಬಣ್ಣದ ಚುಕ್ಕಿಗಳನ್ನು ಒಣ ಬಟ್ಟೆಯಿಂದ ಒರೆಸಿ ಪ್ರಿಂಟರಿಗೆ ಕೂರಿಸಿ, ಒಮ್ಮೆ ಪ್ರಿಂಟರೇ ನಾಜಲ್ ತೊಳೆದುಕೊಳ್ಳುವ ಕ್ಲೀನಿಂಗ್ ಕೊಡಿ. ಎರಡಕ್ಕಿಂತ ಹೆಚ್ಚು ಸಲ ಬೇಡ. ಪ್ರತಿ ಕ್ಲೀನಿಂಗ್‌ನಲ್ಲೂ ಹೊಸದಾಗಿ ತುಂಬಿದ ಇಂಕೇ ಪ್ರಿಂಟರಿನ ತಳದ ಗಾದಿಗೆ ಹೋಗಿ ಕೂರುತ್ತದೆ.

ಎಲ್ಲೆಲ್ಲಿ ಕೈಕೊಡುತ್ತದೆ

ಕಂಪ್ಯೂಟರ್ "ಇಂಕ್ ಖಾಲಿ" ಎಂದೇ ಹೇಳುತ್ತಿರುತ್ತದೆ. ಪ್ರಿಂಟರ್ ಇಂಕನ್ನು ಅಳೆಯುವುದಿಲ್ಲ, ಚಿಮ್ಮಿಸಿದ ಹನಿಗಳ ಲೆಕ್ಕ ಇಡುತ್ತದೆ ಅಷ್ಟೆ. ನೀವು ತುಂಬಿದ್ದು ಅದಕ್ಕೆ ಗೊತ್ತಿಲ್ಲ. ಎಚ್‌ಪಿಯಲ್ಲಿ ಬಳಸಿದ ಅಥವಾ ನಕಲಿ ಕಾರ್ಟ್ರಿಜ್ ಎಂಬ ಸೂಚನೆ ಬಂದರೆ ಓಕೆ ಒತ್ತಿ ಮುಂದುವರಿಯಿರಿ. ಕ್ಯಾನನ್‌ನಲ್ಲಿ ಇ13 ಅಥವಾ ಇ16 ಬಂದರೆ ಸ್ಟಾಪ್ ಗುಂಡಿಯನ್ನು ಐದು ಸೆಕೆಂಡಿಗಿಂತ ಹೆಚ್ಚು ಒತ್ತಿ ಹಿಡಿಯಿರಿ. ಆಮೇಲೆ ಇಂಕಿನ ಮಟ್ಟ ನೋಡಿಕೊಳ್ಳುವ ಕೆಲಸ ನಿಮ್ಮ ಕಣ್ಣಿನದು, ಇಲ್ಲವೇ ತಕ್ಕಡಿಯದು. ಎಚ್‌ಪಿಯಲ್ಲಿ ಕಾರ್ಟ್ರಿಜ್ ಪ್ರೊಟೆಕ್ಷನ್ ಎಂಬ ಸೆಟ್ಟಿಂಗ್ ಆನ್ ಆಗಿದ್ದರೆ ಕಾರ್ಟ್ರಿಜ್ ಆ ಒಂದು ಪ್ರಿಂಟರಿಗೇ ಬೀಗ ಹಾಕಿಕೊಂಡಿರುತ್ತದೆ. ತುಂಬಿ ಅದೇ ಪ್ರಿಂಟರಿಗೆ ಹಾಕಿದರೆ ತೊಂದರೆಯಿಲ್ಲ. ಹಳೆಯ ಕಾರ್ಟ್ರಿಜ್ ಯಾರಿಂದಲೋ ತಂದಿದ್ದರೆ ಮಾತ್ರ ಇದು ಕಾಡುತ್ತದೆ.

ಟಿಶ್ಯೂ ಮೇಲೆ ಒಂದು ಪಟ್ಟಿ ಮೂಡದಿದ್ದರೆ ಎರಡು ಸಾಧ್ಯತೆ. ಈಗಷ್ಟೇ ತುಂಬಿದ ಕೋಣೆಯಾದರೆ ಗಾಳಿ ಸಿಕ್ಕಿರುತ್ತದೆ. ಕಾರ್ಟ್ರಿಜನ್ನು ಟಿಶ್ಯೂನಲ್ಲಿ ಸುತ್ತಿ, ನಾಜಲ್ ಹೊರಮುಖವಾಗಿ ಹಿಡಿದು, ಥರ್ಮಾಮೀಟರ್ ಝಾಡಿಸಿದಂತೆ ಮೂರು ನಾಲ್ಕು ಸಲ ಝಾಡಿಸಿ. ಬಚ್ಚಲಲ್ಲಿ ಮಾಡಿ, ಹಾಲ್‌ನಲ್ಲಿ ಬೇಡ. ಬಹಳ ದಿನ ಬಿದ್ದಿದ್ದ ಕಾರ್ಟ್ರಿಜ್ ಆದರೆ ನಾಜಲ್ ಒಣಗಿದೆ. ಕೈ ತಾಳುವಷ್ಟು ಬಿಸಿಯಾದ ಬ್ಯಾಟರಿ ನೀರನ್ನು ತಟ್ಟೆಯಲ್ಲಿ ಎರಡು ಮೂರು ಮಿಲಿಮೀಟರ್ ಹಾಕಿ, ನಾಜಲ್ ಮುಳುಗುವಂತೆ ಎರಡು ನಿಮಿಷ ನಿಲ್ಲಿಸಿ ಒತ್ತಿ ನೋಡಿ. ಎರಡು ಸಲಕ್ಕೂ ಬಾರದಿದ್ದರೆ ಅದು ಸುಟ್ಟ ಹೀಟರ್ ಎಂದೇ ತಿಳಿದು ಬಿಟ್ಟುಬಿಡಿ. ಪಿನ್ನಿನಿಂದ ಮಾತ್ರ ಕೆದಕಬೇಡಿ.

ಹಳದಿ ಪಟ್ಟಿ ಕಿತ್ತಳೆಯಾಗಿ ಬಂದರೆ ಗುಲಾಬಿ ಅತ್ತ ನುಸುಳಿದೆ, ಅಂದರೆ ಹೆಚ್ಚು ತುಂಬಿದ್ದೀರಿ. ಹೊಸ ಹೊಸ ಜಾಗಕ್ಕೆ ಒತ್ತುತ್ತ ಹೋಗಿ, ಹಳದಿ ತಿಳಿಯಾಗುವ ತನಕ. ಬರೀ ಹಳದಿ ಬಣ್ಣದ ಒಂದು ಪುಟ ಪ್ರಿಂಟ್ ಕೊಟ್ಟರೆ ಉಳಿದದ್ದೂ ಸರಿಹೋಗುತ್ತದೆ.

ಇನ್ನೊಂದು, ನಮ್ಮ ಕಡೆಯ ಬೇಸಿಗೆಗೆ ಸೇರಿದ್ದು. ಏಪ್ರಿಲ್-ಮೇದ ಒಣ ಗಾಳಿಗೆ ತೆರೆದ ನಾಜಲ್ ಬೇಗ ಕಟ್ಟುತ್ತದೆ. ಪ್ರಿಂಟರನ್ನು ಅದರ ಗುಂಡಿಯಿಂದಲೇ ಆರಿಸಿ, ಆಗ ಕಾರ್ಟ್ರಿಜ್ ಬದಿಗೆ ಸರಿದು ರಬ್ಬರ್ ಮುಚ್ಚಳದ ಮೇಲೆ ಕೂರುತ್ತದೆ. ಗೋಡೆಯ ಸ್ವಿಚ್ ಆರಿಸಿದರೆ ಎಲ್ಲಿದ್ದದ್ದು ಅಲ್ಲೇ. ಪ್ರಿಂಟ್ ನಡುವೆ ಕರೆಂಟ್ ಹೋದರೂ ಹಾಗೆಯೇ, ಬಂದ ಕೂಡಲೇ ಒಮ್ಮೆ ಆನ್ ಮಾಡಿ ಆಫ್ ಮಾಡಿ. ಶಾಲೆಗೆ ರಜೆ ಎಂದು ಎರಡು ತಿಂಗಳು ಪ್ರಿಂಟರ್ ಮುಟ್ಟದೆ ಬಿಡಬೇಡಿ. ವಾರಕ್ಕೊಮ್ಮೆ ನಾಲ್ಕೂ ಬಣ್ಣ ಇರುವ ಒಂದು ಪುಟ ತೆಗೆಯಿರಿ, ಅರ್ಧ ಪುಟವಾದರೂ ಸಾಕು.