ಎಂಸಿಬಿಗೆ ಕಾಣದ ಬಿಸಿ

ಸಿದ್ಧಗಂಗೆ ಜಾತ್ರೆ ಬಂತೆಂದರೆ ತುಮಕೂರಿನ ಮನೆಗಳಲ್ಲಿ ನೆಂಟರು ಜಾಸ್ತಿ. ನೆಂಟರು ಜಾಸ್ತಿಯಾದರೆ ಸ್ನಾನ ಜಾಸ್ತಿ, ಸ್ನಾನ ಜಾಸ್ತಿಯಾದರೆ ಎಲೆಕ್ಟ್ರಿಷಿಯನ್ ಆದ ನನಗೆ ಫೋನ್ ಜಾಸ್ತಿ. ಹಾಗೆ ಒಂದು ಬೆಳಿಗ್ಗೆ ಎಸ್.ಎಸ್. ಪುರಂನಿಂದ ನಿವೃತ್ತ ಟೀಚರ್ ಒಬ್ಬರು ಫೋನ್ ಮಾಡಿದರು.

"ಗೀಸರ್ ಚೆನ್ನಾಗೇ ಇದೆ ಕಣಪ್ಪಾ. ಆದ್ರೆ ಬಾತ್‌ರೂಮ್ ಹತ್ರ ಏನೋ ಕಮಟು ವಾಸನೆ. ಮೀನು ಹುರಿದ ಹಾಗಿದೆ. ನಮ್ಮನೇಲಿ ಮೀನು ತರೋದೇ ಇಲ್ವಲ್ಲ!"

ಕಾರಣ ಅಲ್ಲೇ ಗೊತ್ತಾಯಿತು. ಕೆಲವು ಸ್ವಿಚ್, ಸಾಕೆಟ್‌ಗಳ ಗಟ್ಟಿ ಪ್ಲಾಸ್ಟಿಕ್ ಮಿತಿ ಮೀರಿ ಕಾದರೆ ಥೇಟ್ ಮೀನಿನ ವಾಸನೆ ಬರುತ್ತದೆ. "ಮೇಡಂ, ಡಿಬಿ ಬಾಕ್ಸ್‌ನಲ್ಲಿ ಗೀಸರಿನ ಎಂಸಿಬಿ ಕೆಳಗೆ ಮಾಡಿ. ಪ್ಲಗ್ ಮುಟ್ಟಬೇಡಿ, ಬರ್ತೀನಿ" ಎಂದೆ. ಡಿಬಿ ಅಂದರೆ ಮನೆಯ ಲೈನುಗಳಿಗೆ ಕರೆಂಟ್ ಹಂಚುವ ಪೆಟ್ಟಿಗೆ, ಎಂಸಿಬಿ ಅಂದರೆ ಅದರಲ್ಲಿ ಒಂದೊಂದು ಲೈನನ್ನು ಕಾಯುವ, ತಾನೇ ಬೀಳುವ ಸ್ವಿಚ್. "ಸ್ವಿಚ್ ಆಫ್ ಮಾಡಿದೀನಲ್ಲಪ್ಪಾ, ಸಾಲ್ದಾ?" ಎಂದರು. ಸಾಲದು. ಯಾಕೆ ಅನ್ನೋದನ್ನು ಆಮೇಲೆ ಹೇಳುತ್ತೇನೆ.

ಹೋಗಿ ನೋಡಿದರೆ ಸಾಕೆಟ್‌ನ ಕೆಳಗಿನ ಎಡ ತೂತಿನ ಸುತ್ತ ಕಂದು ಬಳೆ. ನಡುವೆ ಕಪ್ಪು. ಪ್ಲಾಸ್ಟಿಕ್ ಸ್ವಲ್ಪ ಉಬ್ಬಿತ್ತು. ಮೇಲಿನ ದೊಡ್ಡ ತೂತು ಮಾತ್ರ ಹೊಸದರ ಹಾಗೇ ಬಿಳಿ. ಅದು ಅರ್ಥ್. ಎಲ್ಲ ಸರಿಯಿದ್ದಾಗ ಅದರಲ್ಲಿ ಕರೆಂಟ್ ಹರಿಯುವುದಿಲ್ಲ, ಹಾಗಾಗಿ ಸುಡುವುದೂ ಇಲ್ಲ. ಕೆಳಗಿನ ಎರಡು ತೂತು, ಕರೆಂಟ್ ಬರುವ ಫೇಸ್ ಮತ್ತು ಅದು ಮರಳುವ ನ್ಯೂಟ್ರಲ್. ಎರಡರಲ್ಲೂ ಹರಿಯುವುದು ಒಂದೇ ಕರೆಂಟ್. ಯಾವುದರ ಹಿಡಿತ ಸಡಿಲವೋ ಅದು ಮೊದಲು ಸುಡುತ್ತದೆ.

"ಇಷ್ಟು ಸುಟ್ಟರೂ ಎಂಸಿಬಿ ಬೀಳಲೇ ಇಲ್ಲ. ಅದೂ ಕೆಟ್ಟಿದೆಯಾ?" ಟೀಚರ್ ಕೇಳಿದ ಈ ಪ್ರಶ್ನೆಯನ್ನು ಹತ್ತರಲ್ಲಿ ಎಂಟು ಮನೆಯವರು ಕೇಳುತ್ತಾರೆ. ಎಂಸಿಬಿ ಕೆಟ್ಟಿರಲಿಲ್ಲ. ಅದಕ್ಕೆ ಈ ಬಿಸಿ ಕಾಣುವುದೇ ಇಲ್ಲ.

ಲೆಕ್ಕ ನೋಡಿ. ನಮ್ಮ ಮನೆಗಳಿಗೆ ಬರುವುದು 230 ವೋಲ್ಟ್. 2000 ವ್ಯಾಟ್ ಗೀಸರ್ ಎಳೆಯುವುದು ಸುಮಾರು 8.7 ಆಂಪಿಯರ್. ಸಾಕೆಟ್ ಒಳಗಿನ ಹಿತ್ತಾಳೆ ತುಂಡು ಪಿನ್ನನ್ನು ಅವುಚಿ ಹಿಡಿದಿದ್ದರೆ ಕರೆಂಟ್ ಸಲೀಸಾಗಿ ದಾಟುತ್ತದೆ. ಹಿಡಿತ ಸಡಿಲವಾಗಿ ಅಲ್ಲಿ ಬರೀ 0.2 ಓಮ್ ಅಡ್ಡಿ ಹುಟ್ಟಿತು ಅನ್ನಿ. ಆ ಒಂದು ಚುಕ್ಕೆಯಲ್ಲಿ ಸುಮಾರು 15 ವ್ಯಾಟ್ ಬಿಸಿ. 3000 ವ್ಯಾಟಿನ ಗೀಸರ್ ಆದರೆ ಕರೆಂಟ್ 13 ಆಂಪಿಯರ್, ಬಿಸಿ ಸುಮಾರು 34 ವ್ಯಾಟ್. ರೇಡಿಯೋ ರಿಪೇರಿಯವರು ಸೀಸ ಕರಗಿಸುವ ಸಾಲ್ಡರಿಂಗ್ ಐರನ್ 25 ವ್ಯಾಟಿನದು. ಅದನ್ನು ಗೋಡೆಯೊಳಗೆ ಇಟ್ಟು ಒಂದು ಗಂಟೆ ಮರೆತ ಹಾಗೆ ಆಯಿತು, ಅಲ್ವಾ?

ಇಷ್ಟೆಲ್ಲ ಆಗುವಾಗ ಎಂಸಿಬಿ ನೋಡುವುದು ಅದೇ 8.7 ಆಂಪಿಯರ್. ಮಿತಿಗಿಂತ ಜಾಸ್ತಿ ಕರೆಂಟ್ ಹರಿದರೆ, ಇಲ್ಲವೇ ಶಾರ್ಟ್ ಆದರೆ ಬೀಳುವುದು ಅದರ ಕೆಲಸ. ಆರ್‌ಸಿಸಿಬಿ ಇದ್ದರೂ ಅಷ್ಟೇ. ಅದು ಕರೆಂಟ್ ಸೋರಿದರೆ ಬೀಳುತ್ತದೆ, ಬಿಸಿಯಾದರೆ ಅಲ್ಲ. ಲೂಸ್ ಕನೆಕ್ಷನ್ನಿಗೆ ಈ ಮನೆಯಲ್ಲಿದ್ದ ಕಾವಲುಗಾರ ಟೀಚರಮ್ಮನ ಮೂಗು ಒಂದೇ.

ಇದು ತನ್ನಷ್ಟಕ್ಕೆ ನಿಲ್ಲುವುದೂ ಇಲ್ಲ. ಕಾದ ಹಿತ್ತಾಳೆ ಬಿಗಿ ಕಳೆದುಕೊಳ್ಳುತ್ತದೆ, ಮೇಲೆ ಕಿಟ್ಟ ಕಟ್ಟುತ್ತದೆ. ಕಿಟ್ಟ ಕಟ್ಟಿದಷ್ಟೂ ಅಡ್ಡಿ ಜಾಸ್ತಿ, ಅಡ್ಡಿ ಜಾಸ್ತಿಯಾದಷ್ಟೂ ಬಿಸಿ ಜಾಸ್ತಿ. "ಹೋದ ವರ್ಷದಿಂದ ಹೀಗೇ ಇದೆ, ಏನೂ ಆಗಿಲ್ಲ ಬಿಡಿ" ಎನ್ನುವವರ ಮನೆಯಲ್ಲೇ ನನಗೆ ಹೆಚ್ಚು ಭಯ.

ಈಗ ಸ್ವಿಚ್ ವಿಷಯ. ಸ್ವಿಚ್ ಇರಬೇಕಾದ್ದು ಫೇಸ್ ವೈರಿಗೆ. ಅವಸರದಲ್ಲಿ ವೈರಿಂಗ್ ಮಾಡಿದವರು ನ್ಯೂಟ್ರಲ್‌ಗೆ ಹಾಕಿರುವುದನ್ನು ಬೇಕಾದಷ್ಟು ನೋಡಿದ್ದೇನೆ. ಅಂಥ ಕಡೆ ಸ್ವಿಚ್ ಆಫ್ ಮಾಡಿದರೆ ಗೀಸರ್ ನಿಲ್ಲುತ್ತದೆ, ಸಾಕೆಟ್‌ನಲ್ಲಿ ಮಾತ್ರ ಕರೆಂಟ್ ಹಾಗೇ ಇರುತ್ತದೆ. ಅದಕ್ಕೇ ಎಂಸಿಬಿ. ಯಾವ ಎಂಸಿಬಿ ಎಂದು ಗೊತ್ತಾಗದಿದ್ದರೆ ಮೇನ್ ಸ್ವಿಚ್ಚೇ ಇಳಿಸಿ. ಮನೆಯಲ್ಲಿ ಯುಪಿಎಸ್ ಇದ್ದರೆ ಅದನ್ನೂ ಆಫ್ ಮಾಡಿ. ಮೇನ್ ಇಳಿಸಿದ ಕೂಡಲೇ ಯುಪಿಎಸ್ "ಕರೆಂಟ್ ಹೋಯ್ತು" ಎಂದುಕೊಂಡು ತನ್ನ ಲೈನಿಗೆ ಬ್ಯಾಟರಿಯಿಂದ 230 ವೋಲ್ಟ್ ಕಳಿಸುತ್ತದೆ. ಹಾಲಿನ ಪ್ಲಗ್ ಪಾಯಿಂಟ್ ಯುಪಿಎಸ್ ಲೈನಿನಲ್ಲಿದ್ದರೆ ಮೇನ್ ಇಳಿಸಿಯೂ ಶಾಕ್ ಹೊಡೆಸಿಕೊಳ್ಳಬಹುದು.

ಬಿಸಿ ಇರುವಾಗ ಪ್ಲಗ್ ಕೀಳಬೇಡಿ. ಕರಗಿದ ಪ್ಲಾಸ್ಟಿಕ್ ಪಿನ್ನಿಗೆ ಅಂಟಿರುತ್ತದೆ, ಎಳೆದರೆ ಸಾಕೆಟ್ಟೇ ಕಿತ್ತು ಬರಬಹುದು. ಕರೆಂಟ್ ತೆಗೆದು, ಆರಲು ಬಿಟ್ಟು, ಆಮೇಲೆ. ಜೇಬಿನ ಟೆಸ್ಟರ್ ಉರಿಯಲಿಲ್ಲ ಎಂದು ಕರೆಂಟ್ ಇಲ್ಲ ಅಂದುಕೊಳ್ಳುವುದೂ ತಪ್ಪು. ಒಳಗಿನ ಪುಟ್ಟ ಬಲ್ಬ್ ಸತ್ತಿದ್ದರೂ ಅದು ಉರಿಯುವುದಿಲ್ಲ. ನಾನು ಮೀಟರ್ ಇಟ್ಟು ನೋಡುತ್ತೇನೆ. ಅದನ್ನೂ ಮೊದಲು ಕರೆಂಟ್ ಇರುವ ಬೇರೆ ಪಾಯಿಂಟಿಗೆ ಹಿಡಿದು, ಸರಿಯಿದೆ ಎಂದು ಖಾತ್ರಿ ಮಾಡಿಕೊಂಡು.

ಬೆಂಕಿಯೇ ಕಾಣಿಸಿದರೆ ನೀರು ಹಾಕಬಾರದು. ಮೇನ್ ಇಳಿಸಿ. ಡ್ರೈ ಪೌಡರ್ ಸಿಲಿಂಡರ್ ಇದ್ದರೆ ಅದು, ಇಲ್ಲದಿದ್ದರೆ ಒಣ ಮರಳು. ಕೈಮೀರುತ್ತಿದೆ ಅನ್ನಿಸಿದರೆ ಮನೆಯಿಂದ ಹೊರಗೆ ಬಂದು 101 ಅಥವಾ 112. ಕಂಬದಲ್ಲೋ ಮೀಟರ್ ಹತ್ತಿರವೋ ಕಿಡಿ ಹಾರುತ್ತಿದ್ದರೆ ಬೆಸ್ಕಾಂನ 1912. ಮೀಟರ್ ದಾಟಿ ಮನೆಯೊಳಗೆ ಬಂದ ವೈರಿಂಗ್ ನಮ್ಮ ಜವಾಬ್ದಾರಿ.

ಸಾಕೆಟ್ ಬಿಚ್ಚಿದ ಮೇಲೆ ನೋಡಬೇಕಾದ್ದು ಅದರ ಬೆನ್ನು. ಟೀಚರ್ ಮನೆಯಲ್ಲಿ ನ್ಯೂಟ್ರಲ್ ಸ್ಕ್ರೂ ಅರ್ಧ ಸುತ್ತು ಸಡಿಲವಾಗಿತ್ತು. ಅದರ ಕೆಳಗೆ ಎಳೆಗಳಲ್ಲಿ ಕೆಲವು ಮಾತ್ರ ಸಿಕ್ಕಿಕೊಂಡಿದ್ದವು. ವೈರ್ ಸುಲಿಯುವಾಗ ಯಾರೋ ಮಿಕ್ಕವನ್ನು ಕತ್ತರಿಸಿಬಿಟ್ಟಿದ್ದರು. ತುದಿಯಿಂದ ನಾಲ್ಕು ಬೆರಳಷ್ಟು ಹೊದಿಕೆ ಒಣಗಿದ ನುಗ್ಗೆ ಸಿಪ್ಪೆಯ ಹಾಗೆ, ಬಗ್ಗಿಸಿದರೆ ಪಟ್ ಎಂದು ಮುರಿಯುತ್ತಿತ್ತು. ಮಾಮೂಲಿ ಪಿವಿಸಿ ಹೊದಿಕೆ ತಾಳುವುದು 70 ಡಿಗ್ರಿವರೆಗೆ. ಇದು ಅದನ್ನು ಎಂದೋ ದಾಟಿತ್ತು. ಒಳಗಿನ ತಾಮ್ರ ಕಪ್ಪಗಾಗಿತ್ತು.

ಇಂಥ ವೈರಿಗೆ ಟೇಪ್ ಸುತ್ತಿ ಹೊಸ ಸಾಕೆಟ್ ಕೂರಿಸುವುದು ಹುಣ್ಣಿನ ಮೇಲೆ ಪೌಡರ್ ಹಚ್ಚಿದ ಹಾಗೆ. ತಾಮ್ರ ಹೊಳೆಯುವವರೆಗೆ, ಹೊದಿಕೆ ಮೆತ್ತಗೆ ಸಿಗುವವರೆಗೆ ಹಿಂದಕ್ಕೆ ಕತ್ತರಿಸಬೇಕು. ಆಗ ವೈರ್ ಸಾಲದೆ ಬಂದರೆ ಪೈಪಿನಲ್ಲಿ ಹೊಸದು ಎಳೆಯಬೇಕು. ಪವರ್ ಪಾಯಿಂಟಿಗೆ ಕನಿಷ್ಠ 2.5 ಚದರ ಮಿ.ಮೀ. ತಾಮ್ರ. ಗೀಸರ್, ಎಸಿಗೆ ನಾನು 4 ಹಾಕುತ್ತೇನೆ. ಸ್ಕ್ರೂ ಬಿಗಿದ ಮೇಲೆ ವೈರನ್ನು ಜಗ್ಗಿ ನೋಡುತ್ತೇನೆ. ಕೈಗೆ ಬಂದರೆ ಬಿಗಿದಿದ್ದು ದಂಡ.

ಕೆಲಸ ಕಲಿಯುತ್ತಿದ್ದ ಕಾಲದಲ್ಲಿ ನಾನೇ ಒಂದು ತಪ್ಪು ಮಾಡಿದ್ದೆ. ಬಟವಾಡಿಯ ಒಂದು ಮನೆಯಲ್ಲಿ ಸುಟ್ಟ ಸಾಕೆಟ್ ತೆಗೆದು ಒಳ್ಳೇ ಐಎಸ್ಐ ಗುರುತಿನದು ಹಾಕಿ, ಹಳೇ ಪ್ಲಗ್ಗನ್ನೇ ಚುಚ್ಚಿ ಬಂದಿದ್ದೆ. ತಿಂಗಳು ತುಂಬುವುದರೊಳಗೆ ಹೊಸದೂ ಕಪ್ಪು. ಮನೆಯವರು ಸಾಕೆಟ್ ಕಂಪನಿಯನ್ನು ಬೈದರು, ನಾನೂ ಹೂಂಗುಟ್ಟಿದೆ. ತಪ್ಪು ನನ್ನದು. ಸುಟ್ಟ ಪಿನ್ನಿನ ಮೇಲೆ ಗುಳಿ ಬಿದ್ದಿರುತ್ತದೆ, ಕಿಟ್ಟ ಕಟ್ಟಿರುತ್ತದೆ. ಅದು ಹೊಸ ಸಾಕೆಟ್‌ನಲ್ಲೂ ಸರಿಯಾಗಿ ಕೂರುವುದಿಲ್ಲ. ಪಿನ್ನನ್ನು ಮರಳು ಕಾಗದದಲ್ಲಿ ಉಜ್ಜಿದರೆ ಹೊಳಪು ಬರುತ್ತದೆ, ಗುಳಿ ಹೋಗುವುದಿಲ್ಲ. ಅಂದಿನಿಂದ ಸಾಕೆಟ್ ಬದಲಿಸಿದರೆ ಪ್ಲಗ್ ಟಾಪೂ ಬದಲಿಸುತ್ತೇನೆ. "ಇದೊಂದು ಎಕ್ಸ್‌ಟ್ರಾ ಖರ್ಚು" ಎಂದು ಮುಖ ಗಂಟಿಕ್ಕಿದವರಿಗೆ, ಎರಡೂ ಸೇರಿದರೂ ಕ್ಯಾತ್ಸಂದ್ರದಲ್ಲಿ ಮನೆಮಂದಿಯೆಲ್ಲ ತಟ್ಟೆ ಇಡ್ಲಿ ತಿಂದ ಬಿಲ್ಲಿನಷ್ಟೂ ಆಗುವುದಿಲ್ಲ ಎಂದು ಹೇಳಿ ನಗಿಸುತ್ತೇನೆ. ಗೀಸರಿಗೆ ನನ್ನ ಆಯ್ಕೆ ಪ್ಲಗ್ಗೇ ಇಲ್ಲದ ವ್ಯವಸ್ಥೆ: ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಕಡಿಯುವ 20 ಆಂಪಿಯರ್ ಡಿಪಿ ಸ್ವಿಚ್, ಅದರಿಂದ ನೇರ ಗೀಸರ್ ವೈರ್. ಟೀಚರ್ ಮನೆಗೂ ಕೊನೆಗೆ ಅದನ್ನೇ ಹಾಕಿದೆ.

ಮಿಕ್ಕ ಕಪ್ಪು ಸಾಕೆಟ್‌ಗಳ ಕಥೆ ಅಡುಗೆಮನೆ, ಬಚ್ಚಲಿನದು. 6 ಆಂಪಿಯರ್ ಪಾಯಿಂಟಿಗೆ, ದೊಡ್ಡ ಪ್ಲಗ್ಗನ್ನು ಚಿಕ್ಕ ತೂತಿಗೆ ಹೊಂದಿಸುವ ಕನ್ವರ್ಟರ್ ಸಿಕ್ಕಿಸಿ 2000 ವ್ಯಾಟ್ ಇಂಡಕ್ಷನ್ ಒಲೆ ಹಚ್ಚುವುದು. ಬಚ್ಚಲಲ್ಲಿ 1500 ವ್ಯಾಟಿನ ನೀರು ಕಾಯಿಸುವ ಕಾಯಿಲ್ ಹಾಕುವುದು, ಅದೇ 6.5 ಆಂಪಿಯರ್ ಆಯಿತು. ಚಿಕ್ಕ ಪಿನ್ ಸುಮಾರು 5 ಮಿ.ಮೀ. ದಪ್ಪ, ದೊಡ್ಡದು ಸುಮಾರು 7. ಎರಡಕ್ಕೂ ಆಗುವ ತೂತಿನಲ್ಲಿ ದೊಡ್ಡ ಪಿನ್ ಹಾಕಿ ಹಾಕಿ ಅಗಲವಾದ ಮೇಲೆ ಚಿಕ್ಕದು ಅಲ್ಲಾಡುತ್ತದೆ. ಅಲ್ಲಾಡಿದರೆ ನಮ್ಮವರ ಔಷಧ ಬೆಂಕಿಕಡ್ಡಿ! ವೈರ್ ಜೊತೆ ಬೆಂಕಿಕಡ್ಡಿ ತುರುಕಿದ ಸಾಕೆಟ್ ಕಂಡಾಗಲೆಲ್ಲ ನನಗೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ.

ಹಳೇ ಮನೆಗಳಲ್ಲಿ ಅಲ್ಯೂಮಿನಿಯಂ ವೈರ್ ಇನ್ನೂ ಇದೆ. ಅದು ಸ್ಕ್ರೂ ಕೆಳಗೆ ನಿಧಾನವಾಗಿ ಚಪ್ಪಟೆಯಾಗಿ ತಾನೇ ಸಡಿಲವಾಗುತ್ತದೆ. ಅಂಥ ಮನೆಯಲ್ಲಿ ಒಂದು ಸಾಕೆಟ್ ಸುಟ್ಟಿದ್ದರೆ ಎಲ್ಲವನ್ನೂ ಬಿಚ್ಚಿಸಿ ನೋಡಿಸಿ.

ತಿಪಟೂರು ಕಡೆಯ ಒಂದು ತೋಟದ ಮನೆಗೆ ಹೋಗಿದ್ದೆ. ಅಟ್ಟದ ತುಂಬ ಕೊಬ್ಬರಿಗೆ ಬಿಟ್ಟ ತೆಂಗಿನಕಾಯಿ, ಸಿಪ್ಪೆಯೆಲ್ಲ ಒಣಗಿ ಗರಿಗರಿ. ಅದರ ಪಕ್ಕದ ಮರದ ಕಂಬದಲ್ಲಿ ಮೋಟಾರಿನ ಪ್ಲಗ್ ಪಾಯಿಂಟ್, ಒಂದು ತೂತು ಕಪ್ಪು. "ಕಾಯಿ ಇಳಿಸಿದ ಮೇಲೆ ಮಾಡಿಸ್ತೀನಿ ಬಿಡಪ್ಪ, ಇನ್ನು ಮೂರು ತಿಂಗಳು" ಎಂದರು ಯಜಮಾನರು. ನಾನು ಮಾತಾಡಲಿಲ್ಲ. ಮೋಟಾರ್ ಹಾಕಿಸಿ, ಇಪ್ಪತ್ತು ನಿಮಿಷ ಬಿಟ್ಟು, ಮೇನ್ ಇಳಿಸಿ, ಪ್ಲಗ್ಗಿನ ಪ್ಲಾಸ್ಟಿಕ್ ಮೇಲೆ ಅವರ ಬೆರಳಿನ ಹಿಂಬದಿ ತಾಗಿಸಿದೆ. ಸರಕ್ಕನೆ ಕೈ ಎಳೆದುಕೊಂಡರು. ಒಮ್ಮೆ ಪ್ಲಗ್ ನೋಡಿದರು, ಒಮ್ಮೆ ಅಟ್ಟ ನೋಡಿದರು. ಅವತ್ತು ಸಂಜೆಯೊಳಗೆ ಆ ಪಾಯಿಂಟ್ ಹೊರಗಿನ ಕಲ್ಲು ಗೋಡೆಗೆ ಹೋಯಿತು.